ಗುರುವನ್ನು ತಂದರು, ನನ್ನನ್ನು ಕೊಟ್ಟರು

“ಗುರು ಬೇಕಾದ್ರೆ ತಗೊಳ್ಳಿ. ಬದಲಿಗೆ ಶ್ರೀಧರ್‌ನ ಕಳ್ಸಿ.”

ಚಿಕಾಗೋ ಕನ್ನಡಿಗರ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಸ್ಪೀಕರ್ ಫೋನಿನಲ್ಲಿ ಹೀಗಂದಾಗ ನಮ್ಮ ಡೆಟ್ರಾಯಿಟ್ ತಂಡದವರೆಲ್ಲ ಸೌತ್‌ಫೀಲ್ಡಿನ ನಮ್ಮ ಮನೆಯಲ್ಲಿ ಕೂತು, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಿದ್ದರು.

ಶ್ರೀಧರ್ ಅಂದರೆ ನಾನೇ.

ರಿಸೆಷನ್ ಕಾಲ ಅದು. ತಂಡದಲ್ಲಿ ಅರ್ಧ ಜನರ ಕೆಲಸ ಹೋಗಿತ್ತು, ನನ್ನದೂ ಸೇರಿ. ದಿನಾ ಡಿಯರ್‌ಬಾರ್ನ್‌ನ ಕಾರ್ ಕಂಪನಿಗೆ ಡ್ರೈವ್ ಮಾಡುತ್ತಿದ್ದವರು ಮನೆಯಲ್ಲೇ ಕೂತಿದ್ದರಿಂದ ಪ್ರಾಕ್ಟೀಸ್‌ಗೆ ಮಾತ್ರ ಎಂದೂ ಇಲ್ಲದ ಹಾಜರಿ.

ಪ್ರತಿ ವರ್ಷ ಎರಡೂ ಊರಿನವರು ಸೇರುವ ಸಮ್ಮರ್ ಪಿಕ್ನಿಕ್‌ನಲ್ಲಿ ಚಿಕಾಗೋದವರ ಕೈಯಲ್ಲಿ ಸೋಲುತ್ತಲೇ ಬಂದಿದ್ದೆವು. ಈ ಸಲ ಗೆಲ್ಲಲೇಬೇಕು ಅನ್ನುವುದು ನಮ್ಮ ಕ್ಯಾಪ್ಟನ್ ಮೂರ್ತಿಯ ಹಠ.

ಗುರು ಹುಬ್ಬಳ್ಳಿ ಕಡೆಯವನು, ಚಿಕಾಗೋ ತಂಡದ ಸ್ಟಾರ್. ಚಿಕಾಗೋ ಪಕ್ಕದ ಪ್ಲೇನ್‌ಫೀಲ್ಡ್‌ನಲ್ಲಿದ್ದ. ಕೆಲಸ ಹೋಗಿ, ನಮ್ಮೂರಲ್ಲಿ ಸಣ್ಣದೊಂದು ಕಾಂಟ್ರಾಕ್ಟ್ ಸಿಕ್ಕಿ, ನಮ್ಮ ಬೇಸ್‌ಮೆಂಟ್‌ನಲ್ಲಿ ಬಂದು ಉಳಿದುಕೊಂಡಿದ್ದ. ಆದರೆ ಹೆಸರು ಮೊದಲೇ ಚಿಕಾಗೋ ತಂಡದಲ್ಲಿ ರಿಜಿಸ್ಟರ್ ಆಗಿಹೋಗಿತ್ತು, ಅವರು ಬಿಟ್ಟುಕೊಟ್ಟರೆ ಮಾತ್ರ ನಮ್ಮ ಕಡೆ ಆಡಬಹುದು.

ಅವನು ಎಲ್ಲಿಂದ ಎಸೆದರೂ ಬಾಲ್ ಬಾಸ್ಕೆಟ್‌ಗೆ ಬೀಳುತ್ತಿತ್ತು. ಒಂದೇ ಐಬು... ಜಪ್ಪಯ್ಯ ಅಂದರೂ ಪಾಸ್ ಮಾಡುತ್ತಿರಲಿಲ್ಲ.

ಅವನ ಕೈಗೆ ಹೋದ ಬಾಲ್ ಹೋಯಿತು, ಅಷ್ಟೇ. ಮಿಕ್ಕ ನಾಲ್ಕು ಜನ ವಾಕಿಂಗ್ ಬಂದವರ ಹಾಗೆ ಓಡಾಡಿಕೊಂಡಿರಬೇಕು. ಚಿಕಾಗೋದವರಿಗೂ ಸಾಕುಬೇಕಾಗಿತ್ತು.

ಫೋನಿಟ್ಟ ಮೇಲೆ ಭಾರೀ ಚರ್ಚೆ. ಅವನು ಬಂದರೆ ಒಗ್ಗಟ್ಟು ಕೆಡುತ್ತದೆ ಅಂದ ಒಬ್ಬ. ಗೆದ್ದರೆ ಒಗ್ಗಟ್ಟು ತಾನಾಗಿ ಬರುತ್ತದೆ ಅಂದ ಇನ್ನೊಬ್ಬ.

ಶ್ರೀಧರ್ ಹೋದರೆ ನಮ್ಮ ಡಿಫೆನ್ಸ್ ಗತಿಯೇನು ಅಂತ ಯಾರಾದರೂ ಕೇಳುತ್ತಾರೆ ಅಂತ ನಾನು ಕಾಯುತ್ತಾ ಕೂತಿದ್ದೆ.

ಕೊನೆಗೊಬ್ಬ ಬಾಯಿಬಿಟ್ಟ. “ಅಲ್ಲಾ, ಶ್ರೀಧರ್ ಹೋದ್ರೆ ಪಿಕ್ನಿಕ್‌ಗೆ ಬಿಸಿಬೇಳೆಬಾತ್ ಯಾರು ಮಾಡ್ತಾರೆ?”

ಎಲ್ಲರೂ ಗಂಭೀರರಾದರು. ಇಷ್ಟು ವರ್ಷ ಈ ತಂಡದಲ್ಲಿ ನನ್ನ ಪೊಸಿಷನ್ ಯಾವುದು ಅಂತ ನನಗೆ ಆಗ ತಿಳಿಯಿತು. ಚಿಕಾಗೋದವರು ನನ್ನನ್ನು ಕೇಳಿದ್ದೂ ಅದಕ್ಕೇ.

ಮೂರ್ತಿ ಹೆಗಲ ಮೇಲೆ ಕೈಯಿಟ್ಟು, “ಪರ್ಸನಲ್ಲಾಗಿ ತಗೋಬೇಡ ಕಣೋ, ಟೀಮಿಗೋಸ್ಕರ” ಅಂದ. ನನ್ನನ್ನು ಕೆಲಸದಿಂದ ತೆಗೆದ ದಿನ ಎಚ್‌ಆರ್ ಹೆಂಗಸು ಇಂಗ್ಲಿಷಿನಲ್ಲಿ ಇದನ್ನೇ ಹೇಳಿದ್ದಳು.

ನಿಜ ಹೇಳುತ್ತೇನೆ, ಅವತ್ತಿಗಿಂತ ಹೆಚ್ಚು ನೋವಾಯಿತು. ಕೆಲಸ ಹೋದ ಮೇಲೆ ಶನಿವಾರ ಶನಿವಾರ ಆ ನೀಲಿ ಜೆರ್ಸಿ ಹಾಕಿಕೊಂಡಾಗ ಮಾತ್ರ, ನಾನೂ ಯಾರಿಗೋ ಬೇಕಾದವನು ಅನ್ನಿಸುತ್ತಿತ್ತು.

ಅವರೆಲ್ಲ ಹೋದ ಮೇಲೆ ನನ್ನ ಹೆಂಡತಿ ವೀಣಾ ತಟ್ಟೆಗಳನ್ನು ಸಿಂಕಿಗೆ ಹಾಕುತ್ತಾ ಬೈದಳು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಕೆಲ್ಸ ಇಲ್ದೋರಿಗೆಲ್ಲ ಸ್ಟಾರ್ ಬೇಕಂತೆ!” ನನ್ನ ಮುಖ ನೋಡಿ ಮೆತ್ತಗಾದಳು. “ಹೋಗಿ ಬನ್ನಿ. ಅಲ್ಲಾದ್ರೂ ಆಡಿಸ್ತಾರೇನೋ.”

ಟ್ರೇಡ್ ಆಯಿತು. ಆದರೆ ಗುರು ಇರುವುದು ನಮ್ಮ ಮನೆಯಲ್ಲೇ ತಾನೇ?

ಮೂರ್ತಿ ನಾಚಿಕೆಯಿಲ್ಲದೆ ಮತ್ತೆ ಫೋನ್ ಮಾಡಿದ. ಗುರುವಿಗೆ ಸ್ವಲ್ಪ ಪಾಸ್ ಮಾಡುವುದನ್ನು ಕಲಿಸಬೇಕಂತೆ, ಹೇಗೂ ನಾನು ಫ್ರೀ ಇದ್ದೇನಂತೆ. ಫ್ರೀ ಇದ್ದದ್ದು ನಿಜ, ಒಪ್ಪಿಕೊಂಡೆ.

ದಿನಾ ಸಂಜೆ ಡ್ರೈವ್‌ವೇಯಲ್ಲಿ ನಾನು ಎರಡೂ ಕೈ ಎತ್ತಿ ನಿಲ್ಲುವುದು, ಅವನು ನನ್ನ ಕಡೆ ಬಾಲ್ ಎಸೆಯುವುದು. ಮೊದಮೊದಲು ಕೊಡಲು ಅವನಿಗೆ ಕೈಯೇ ಬರುತ್ತಿರಲಿಲ್ಲ. “ನಾನೇ ಹಾಕಿದ್ರ ಮುಗೀತಲ್ರೀ ಸರ, ನಿಮಗ್ಯಾಕ ಕೊಡ್ಬೇಕು?” ಅನ್ನುತ್ತಿದ್ದ.

ಬರಬರುತ್ತಾ ಕೈ ಎತ್ತಿದರೆ ಸಾಕು, ಬಾಲ್ ಬಂದು ಎದೆಗೆ ಬೀಳುತ್ತಿತ್ತು. ಅವನಿಗಿಂತ ನನಗೇ ಹೆಚ್ಚು ಖುಷಿ.

ಪಿಕ್ನಿಕ್ ಪ್ಲೇನ್‌ಫೀಲ್ಡ್‌ನ ಪಾರ್ಕಿನಲ್ಲಿ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಗುರು, ಅವನ ತೊಡೆಯ ಮೇಲೆ ಅವನ ಎದುರಾಳಿಗಳಿಗೆ ನಾನು ಮಾಡಿದ ಬಿಸಿಬೇಳೆಬಾತ್. ದಾರಿಯುದ್ದಕ್ಕೂ ಅದನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದ.

ಊಟವಾದ ಮೇಲೆ ಮ್ಯಾಚ್ ಇಟ್ಟಿದ್ದು ಯಾರ ಬುದ್ಧಿಯೋ! ಚಿಕಾಗೋದವರು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, ಇಬ್ಬರು ಓಡಲಾಗದೆ ನೆರಳಿಗೆ ಹೋಗಿ ಮಲಗಿಬಿಟ್ಟರು. ಬೇರೆ ದಾರಿಯಿಲ್ಲದೆ ನನ್ನನ್ನು ಇಳಿಸಿದರು.

ಕೊನೆಯ ನಿಮಿಷ. ಡೆಟ್ರಾಯಿಟ್ ಒಂದು ಪಾಯಿಂಟ್ ಮುಂದೆ. ಬಾಲ್ ಗುರುವಿನ ಕೈಯಲ್ಲಿ, ಸುತ್ತ ನಮ್ಮ ಚಿಕಾಗೋ ಕಡೆಯ ಮೂವರು. ಅವನು ಅದನ್ನು ಸುಮ್ಮನೆ ಹಿಡಿದುಕೊಂಡಿದ್ದರೂ ಸಾಕಿತ್ತು.

ನಾನು ಎದುರಿಗೆ ನಿಂತು ಎರಡೂ ಕೈ ಎತ್ತುತ್ತೇನೆ. ಡಿಫೆನ್ಸ್‌ಗೆ ಸ್ವಾಮಿ, ಆಣೆ ಮಾಡುತ್ತೇನೆ!

ಗುರು ನನ್ನನ್ನು ನೋಡುತ್ತಾನೆ. ನನ್ನ ಕೈ ನೋಡುತ್ತಾನೆ. ಮುಖ ಅರಳುತ್ತದೆ...

ಪಾಸ್!

ಮ್ಯಾಚಿನಲ್ಲಿ ಅವನು ಮಾಡಿದ ಮೊದಲ ಪಾಸ್, ಎದುರು ತಂಡಕ್ಕೆ.

ಎಲ್ಲರೂ ಬಾಯಿ ತೆರೆದುಕೊಂಡು ನಿಂತಿದ್ದಾರೆ. ನನ್ನ ಮುಂದೆ ಇಡೀ ಕೋರ್ಟ್ ಖಾಲಿ. ಹಿಂದಿನಿಂದ ಮೂರ್ತಿ, “ಶ್ರೀಧರಾ, ಬೇಡ್ವೋ!” ಅಂತಾನೆ. ಹುಲ್ಲಿನ ಮೇಲೆ ಕೂತಿದ್ದ ವೀಣಾ ಎದ್ದು ನಿಂತು, “ಓಡಿ... ಓಡೀ!” ಅಂತಾಳೆ.

ಹೆಂಡತಿ ಮಾತು ಕೇಳಿದೆ. ಓಡಿದೆ, ಏದುಸಿರು ಬಿಡುತ್ತಾ ಎಸೆದೆ. ಬಾಲ್ ಬೋರ್ಡಿಗೆ ಬಡಿದು, ರಿಂಗಿನ ಮೇಲೆ ಒಂದು ಸುತ್ತು ಹಾಕಿ, ಒಳಗೆ ಬಿತ್ತು.

ಚಿಕಾಗೋ ಗೆದ್ದಿತು. ನನ್ನನ್ನು ಎತ್ತಿಕೊಂಡು ಕುಣಿಯಲು ಹೋಗಿ, ತಮ್ಮ ಹೊಟ್ಟೆ ಭಾರಕ್ಕೆ ಕೆಳಗಿಳಿಸಿದರು.

ವಾಪಸ್ ಬರುವಾಗ ಕಾರಿನಲ್ಲಿ ಹಿಂದಿನಿಂದ ಗುರು ಮೆಲ್ಲಗೆ ಕೇಳಿದ, “ಸರ, ಪಾಸ್ ಬರೋಬರಿ ಇತ್ತಲ್ರೀ?”

“ಫಸ್ಟ್ ಕ್ಲಾಸ್ ಇತ್ತಪ್ಪ” ಅಂದೆ. ಬೇರೇನು ಹೇಳಲಿ?

ನಾನು ಬೇಕಂತಲೇ ಹಾಗೆ ಕಲಿಸಿದೆ ಅಂತ ಮೂರ್ತಿ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಆ ವರ್ಷವೆಲ್ಲ ನನ್ನನ್ನು ಬೇಡ ಅಂತ ಕಳಿಸಿದವರೇ. ಹೆಸರು ಹಿಡಿದು ಬೇಕು ಅಂದವರು ಚಿಕಾಗೋದವರೊಬ್ಬರೇ, ಅದೂ ಬಿಸಿಬೇಳೆಬಾತಿಗೆ... ಅವರಿಗೋಸ್ಕರ ಆ ಬಾಲ್ ಹಾಕಿದ್ದು ತಪ್ಪಾ, ನೀವೇ ಹೇಳಿ?