ಎರಡೇ ಅಕ್ಷರಕ್ಕೆ ನಿಂತ ಕಂಪ್ಯೂಟರ್

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ನಾನೇ ಕೈಯಾರೆ ಅಳಿಸಿ ಹಾಕಿದೆ.

ಕೈತಪ್ಪಿ ಅಲ್ಲ. ಸಿಟ್ಟಿನಿಂದ.

‘ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ, ಖಾತ್ರಿಯೇ?’ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಪಕ್ಕದಲ್ಲಿ ನಿಂತಿದ್ದ ನನ್ನ ವಿದ್ಯಾರ್ಥಿನಿ ಮಹಾದೇವಿ, “ಟೀಚರ್, ಇನ್ನೊಂದ್ ಸಲ ವಿಚಾರ ಮಾಡ್ರಿ” ಅಂದಳು. ಅಷ್ಟರಲ್ಲಿ ನನ್ನ ಬೆರಳು ಎಂಟರ್ ಒತ್ತಿ ಆಗಿತ್ತು.

ಯಾಕೆ ಇಷ್ಟು ಸಿಟ್ಟು? ಹೇಳುತ್ತೇನೆ.

ಅಫಜಲಪುರದ ನನ್ನ ಟೈಪಿಂಗ್ ಕ್ಲಾಸು ಈ ಅಂಕಣದ ಓದುಗರಿಗೆ ಹೊಸದಲ್ಲ. (ಹೊಸಬರಿಗಾಗಿ: ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಒಂದೇ ಖೋಲಿ, ಆರು ಟೈಪ್‌ರೈಟರು, ಹದಿನಾರು ವರ್ಷಗಳಿಂದ ನಾನು.) ಎರಡು ವರ್ಷದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು. ಇನ್ನು ಟೈಪಿಂಗ್ ಮುಗೀತು, ಕಂಪ್ಯೂಟರ್ ಬಂತು. ಹವಳಗಾದ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಗಬಹುದೆಂದು ಬರುತ್ತಿದ್ದ ಹುಡುಗಿಯರೂ ಅದನ್ನೇ ಕೇಳತೊಡಗಿದರು. ಸರಿ, ನಾನೂ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟೆ.

ತಂದಿಟ್ಟದ್ದು ನಾನು, ನಡೆಸಿದ್ದು ಗುಲಬರ್ಗಾದವರು. ಯಾರೋ ಒಂದು ಫ್ಲಾಪಿ ಹಾಕುತ್ತಿದ್ದರು, ವೈರಸ್ ಬರುತ್ತಿತ್ತು, ಮಶೀನು ಮಲಗುತ್ತಿತ್ತು. ನಾನು ಸಿಪಿಯು ಡಬ್ಬವನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಗುಲಬರ್ಗಾಕ್ಕೆ ಒಯ್ಯಬೇಕು. ಕಂಡಕ್ಟರ್ “ಏನ್ರಿ ಅಕ್ಕಾರ, ಕೂಸೇನ್ರಿ?” ಎಂದು ನಗುತ್ತಿದ್ದ. ಅಲ್ಲಿ ಅಂಗಡಿಯ ಎಂಜಿನಿಯರ್ ಸಾಹೇಬರು ಹದಿನೈದು ದಿನ ಇಟ್ಟುಕೊಂಡು ಕೊಡುವರು. ಏನಾಗಿತ್ತು ಎಂದು ಕೇಳಿದರೆ, “ಫಾರ್ಮ್ಯಾಟ್ ಮಾಡೇವ್ರಿ.” ಹಾಗಂದರೆ? “ಅದು ನಿಮಗ ತಿಳಿಯಂಗಿಲ್ಲ ಬಿಡ್ರಿ ಮೇಡಂ.”

ನಾಲ್ಕನೇ ಸಲ ಹೋದಾಗ ಸಾಹೇಬರು ಚಹಾ ತರಿಸಿದರು. (ಅಲ್ಲೇ ನನಗೆ ಅನುಮಾನ ಬರಬೇಕಿತ್ತು.) ಅಫಜಲಪುರದಲ್ಲಿ ಅವರದೊಂದು ಬ್ರಾಂಚ್ ತೆಗೆಯುವ ವಿಚಾರವಂತೆ. ನನ್ನ ಖೋಲಿಯ ಮಾಲೀಕ ಸಿದ್ರಾಮಪ್ಪ ಸಾಹುಕಾರರ ಹತ್ತಿರ ಮಾತಾಗಿದೆಯಂತೆ. ನನ್ನ ಖೋಲಿಯೇ ಬೇಕಂತೆ.

“ನಿಮ್ದೇನ್ ಫಿಕರ್ ಮಾಡಬ್ಯಾಡ್ರಿ ಮೇಡಂ. ಹೊರಗ ಒಂದು ಟೇಬಲ್ ಹಾಕ್ತೇವಿ. ಬಂದವ್ರ ಹೆಸರು ಬರ್ಕೋತ ಕುಂದರ್ರಿ.”

ಚಹಾ ಕುಡಿಯದೆ ಎದ್ದು ಬಂದೆ.

ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ನೇತಾಡುತ್ತಿತ್ತು. ಅದಕ್ಕೊಂದು ಸೀಡಿ ಅಂಟಿಸಿದ್ದರು. ಲಿನಕ್ಸ್ ಅಂತ ಹೆಸರು. ಬಸ್ಸಿನಲ್ಲಿ ಜೇವರ್ಗಿಯ ಕಡೆಯ ಒಬ್ಬ ಹೆಂಗಸಿನ ಗಂಟಿಗೂ ಕಿಟಕಿಗೂ ನಡುವೆ ಸಿಕ್ಕಿಕೊಂಡು ಆ ಲೇಖನ ಎರಡು ಸಲ ಓದಿದೆ. ಅರ್ಧ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಇದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ಕಾಪಿ ಮಾಡಿ ಕೊಡಬಹುದು. ಯಾರ ಅಪ್ಪಣೆಯೂ ಬೇಡ.

ಯಾರ ಅಪ್ಪಣೆಯೂ ಬೇಡ! ಆ ದಿನ ನನಗೆ ಬೇಕಾಗಿದ್ದದ್ದು ಅದೊಂದೇ ಮಾತು.

ಮಶೀನು ವಾಪಸು ಬಂದ ಮೇಲಿನ ಮೊದಲ ಭಾನುವಾರವೇ ಶುರು ಮಾಡಿದೆ. ಮಹಾದೇವಿ ಘತ್ತರಗಿಯಿಂದ ಬರುವವಳು. ಬಿ.ಎ. ಮುಗಿಸಿದ್ದಾಳೆ. ಅಮಾವಾಸ್ಯೆಗೆ ಅಲ್ಲಿನ ಗುಡಿಗೆ ಹೋಗಿಬರುವ ಮಂದಿಯಿಂದ ಬಸ್ಸು ತುಂಬಿದಾಗ ಮಾತ್ರ ಕ್ಲಾಸು ತಪ್ಪಿಸುವ ಹುಡುಗಿ. ಪತ್ರಿಕೆ ಅವಳ ಕೈಯಲ್ಲಿ, ಕೀಬೋರ್ಡ್ ನನ್ನ ಕೈಯಲ್ಲಿ. ಒಂದು ಕಡೆ ‘ಬೂಟ್ ಫ್ಲಾಪಿ ಮಾಡಿಕೊಳ್ಳುವಿರಾ?’ ಎಂದು ಕೇಳಿತು. ನಾನು ಬೇಡ ಎನ್ನುವುದರಲ್ಲಿದ್ದೆ.

“ಕೇಳಾಕತ್ತದ ಅಂದ್ರ ಏನರ ಕಾರಣ ಇರ್ತದ್ರಿ ಟೀಚರ್. ಮಾಡೇಬಿಡ್ರಿ.”

ಮಾಡಿದೆ. ಎಲ್ಲ ಮುಗಿಯಿತು. ಮಶೀನು ತಾನೇ ನಿಂತು ತಾನೇ ಶುರುವಾಯಿತು. ಕಪ್ಪು ಪರದೆಯ ಮೇಲೆ ಎರಡು ಅಕ್ಷರ ಬಂದವು. ಎಲ್. ಐ.

ಅಷ್ಟೇ. ಕಾದೆವು. ಬಂದ್ ಮಾಡಿ ಹಚ್ಚಿದೆವು. ಎಲ್, ಐ. ಮತ್ತೆ ಹಚ್ಚಿದೆವು. ಎಲ್, ಐ. ಮುಂದಿನ ಅಕ್ಷರವಿಲ್ಲ, ಹಿಂದಿನ ದಾರಿಯೂ ಇಲ್ಲ. ಹಳೆಯದನ್ನು ನಾನೇ ಅಳಿಸಿದ್ದೆನಲ್ಲ!

ಅವತ್ತು ಮನೆಗೆ ಹೋದರೂ ಅದೇ ಯೋಚನೆ. ಮತ್ತೆ ಕೌದಿ ಸುತ್ತಿಕೊಂಡು ಗುಲಬರ್ಗಾಕ್ಕೆ ಹೋಗುವುದೇ? ಸಾಹೇಬರ ಮುಂದೆ ನಿಂತು ‘ನಾನೇ ಕೆಡಿಸಿದೆ’ ಎನ್ನುವುದೇ? ಅದಕ್ಕಿಂತ ಆ ಡಬ್ಬವನ್ನು ಭೀಮಾ ಹೊಳೆಗೆ ಹಾಕುವುದು ಮೇಲು ಅನ್ನಿಸಿತು.

ಎರಡು ದಿನ ಹೀಗೇ ಹೋಯಿತು. ಮೂರನೇ ದಿನ ಬೆಳಿಗ್ಗೆ ಮಹಬೂಬ್ ಸಾಹೇಬರು ಬಂದರು. ರಿಟೈರ್ಡ್ ತಂತಿ ಮಾಸ್ತರರು. ಆಳಂದ, ಜೇವರ್ಗಿ ಅಂತ ಮೂವತ್ತು ವರ್ಷ ಟೆಲಿಗ್ರಾಂ ಕುಟ್ಟಿದ ಕೈ. ಆಗಾಗ ನನ್ನಲ್ಲಿಗೆ ಇಂಗ್ಲಿಷ್ ಪೇಪರ್ ಓದಲು ಬರುತ್ತಾರೆ. ನನ್ನ ಮೋರೆ ನೋಡಿ, “ಕ್ಯಾ ಹುವಾ ಬೇಟಾ? ತಬಿಯತ್ತ ಛಲೋ ಇಲ್ಲೇನು?” ಎಂದರು.

ಪರದೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಪೂರಾ ಬಂದ್ರ ಎಷ್ಟ್ ಅಕ್ಷರ ಬರಬೇಕು?”

ಪತ್ರಿಕೆಯ ಚಿತ್ರದಲ್ಲಿ ನಾಲ್ಕು ಇದ್ದವು. ಎಲ್, ಐ, ಎಲ್, ಓ. ಮಶೀನನ್ನು ಎಬ್ಬಿಸುವ ಪ್ರೋಗ್ರಾಮಿನ ಹೆಸರು ಅದು.

“ಅರೆ, ಹಂಗಾದ್ರ ಖುಷಿ ಪಡು! ಅರ್ಧಾ ಬಂದದ ಅಂದ್ರ ಲೈನ್ ಅದ. ನಡುವ ಎಲ್ಲೋ ಕಟ್ ಆಗೇದ. ಎಷ್ಟನೇ ಅಕ್ಷರಕ್ಕ ನಿಂತದ ಅನ್ನೂದ್ರ ಮ್ಯಾಲೆ ಎಲ್ಲಿ ಕಟ್ ಆಗೇದ ಅಂತ ಬರೆದಿಟ್ಟಿರ್ತಾರ. ಹುಡುಕ್ರಿ. ಬರೆದೇ ಇಟ್ಟಿರ್ತಾರ.”

ಎಲ್ಲಿ ಹುಡುಕುವುದು? ಮಹಾದೇವಿಗೆ ಭಾನುವಾರ ಮಾಡಿಟ್ಟಿದ್ದ ಬೂಟ್ ಫ್ಲಾಪಿ ನೆನಪಾಯಿತು. ಹಾಕಿದೆವು. ಮಶೀನು ಕಟಕಟ ಅಂದಿತು, ನೂರಾರು ಸಾಲು ಓಡಿದವು, ಕೊನೆಗೆ ‘ಲಾಗಿನ್’ ಎಂದು ನಿಂತಿತು. ಬಣ್ಣವಿಲ್ಲ, ಚಿತ್ರವಿಲ್ಲ. ಬರೀ ಕಪ್ಪು, ಬರೀ ಅಕ್ಷರ. ಮಾಡಬೇಕಾದದ್ದನ್ನೆಲ್ಲ ಟೈಪ್ ಮಾಡಿಯೇ ಹೇಳಬೇಕು.

ಟೈಪ್ ಮಾಡಿಯೇ!

ನಾನು ನಕ್ಕುಬಿಟ್ಟೆ. ಟೈಪಿಂಗ್ ಮುಗೀತು ಅಂದವರಾರು? ಹತ್ತು ಬೆರಳೂ ಆಡುವವರನ್ನು ಇದು ಬಾ ಎಂದು ಕರೆಯುತ್ತಿತ್ತು. ಮಹಾದೇವಿ ಕೀಬೋರ್ಡ್ ನೋಡದೆ ಒಂದೊಂದು ಕಮಾಂಡ್ ಹೊಡೆದಳು. ಮಹಬೂಬ್ ಸಾಹೇಬರು ಪಕ್ಕದಲ್ಲಿ ಸ್ಪೆಲ್ಲಿಂಗ್ ಕಾಯುತ್ತ ಕೂತರು. “ನಡುವ ಸ್ಪೇಸ್ ಅದ ಬೇಟಿ, ಸ್ಪೇಸ್ ಮರೀಬ್ಯಾಡ.” ಡಿಸ್ಕಿನೊಳಗೆ ಲಿನಕ್ಸ್ ಜತೆಗೇ ಬಂದ ಪುಸ್ತಕಗಳ ರಾಶಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಯಾವ ಅಕ್ಷರಕ್ಕೆ ನಿಂತರೆ ಯಾವ ಕಾಯಿಲೆ ಎಂದು ಒಂದು ಪಟ್ಟಿ. ನಮ್ಮದು ಡಿಸ್ಕಿನ ಅಳತೆಯ ಲೆಕ್ಕ ಹೊಂದದ ಕಾಯಿಲೆ. ಒಂದು ಫೈಲಿನಲ್ಲಿ ‘ಲೀನಿಯರ್’ ಎಂಬ ಒಂದು ಪದ ಸೇರಿಸಿ, ಆ ಪ್ರೋಗ್ರಾಮನ್ನು ಇನ್ನೊಮ್ಮೆ ನಡೆಸಬೇಕು.

(ಆ ಪದ ಸೇರಿಸಲು ತೆರೆದ ಎಡಿಟರಿನಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ಸಂಜೆಯಾಯಿತು. ಹದಿನಾರು ವರ್ಷದ ಟೈಪಿಂಗ್ ಟೀಚರ್! ಇರಲಿ, ಇದನ್ನು ಮರೆತುಬಿಡಿ.)

ಮರುದಿನ ಫ್ಲಾಪಿ ತೆಗೆದು ಹಚ್ಚಿದೆವು. ಎಲ್. ಐ. ಎಲ್. ಓ.

ಮಹಬೂಬ್ ಸಾಹೇಬರು ಎದ್ದು ನಿಂತು ಸಲಾಂ ಹೊಡೆದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಇನ್ನು ಬಣ್ಣದ ಪರದೆ. ನೋಡುವವರಿಗೆ ಅದೇ ಕಂಪ್ಯೂಟರ್ ತಾನೇ? ಮೊದಲ ಸಲ ಹಚ್ಚಿದಾಗ ಮಾನಿಟರು ಸೀಟಿ ಹೊಡೆಯತೊಡಗಿತು. ಅಡ್ಡಡ್ಡ ಗೆರೆಗಳು. ಮಹಾದೇವಿ ಓಡಿ ವೈರ್ ಕಿತ್ತಳು. ಮಾನಿಟರಿನ ತಾಳಕ್ಕೆ ಹೊಂದದ ವೇಗ ಕೊಟ್ಟಿದ್ದೆವು. ಅದರ ಜತೆ ಬಂದ ಕಾಗದವನ್ನು ಕಪಾಟಿನ ತಳಕ್ಕೆ ಹಾಸಿದ್ದೆ. ತೆಗೆದು ಧೂಳು ಕೊಡವಿ, ಎರಡು ನಂಬರು ಹುಡುಕಿ ಹಾಕಿದೆವು. ಈಗ ಬೂದಿ ಬಣ್ಣದ ಜಾಳಿಗೆ ಬಂತು, ನಡುವೆ ಒಂದು ಗುಣಾಕಾರ ಚಿಹ್ನೆ. ಮೌಸ್ ಅಲ್ಲಾಡಿಸಿದರೆ ಅದು ಅಲುಗದು. ನಮ್ಮದು ಹಳೆಯ ಕಾಲದ ದೊಡ್ಡ ಪಿನ್ನಿನ ಮೌಸ್. ಅದನ್ನೂ ಒಂದು ಸಾಲಿನಲ್ಲಿ ಬರೆದು ತಿಳಿಸಬೇಕಾಯಿತು. ತಿಳಿಸಿದೆವು. ಅಲುಗಿತು. ಪೂರ್ತಿ ಡೆಸ್ಕ್‌ಟಾಪು ನೀಲಿಯಾಗಿ ತೆರೆದಾಗ ಕ್ಲಾಸಿನ ಒಂಬತ್ತೂ ಹುಡುಗಿಯರು ಒಟ್ಟಿಗೆ “ಅಯ್ಯ ಟೀಚರ್ರೀ!” ಎಂದರು.

ಅದರ ಮುಂದಿನ ವಾರವೇ ಸಾಹುಕಾರರು ಎಂಜಿನಿಯರ್ ಸಾಹೇಬರನ್ನು ಕರೆದುಕೊಂಡು ಖೋಲಿ ಅಳೆಯಲು ಬಂದರು.

ಸಾಹೇಬರು ನೇರವಾಗಿ ನನ್ನ ಕುರ್ಚಿಯಲ್ಲಿ ಕೂತರು. ಮೌಸ್ ಹಿಡಿದರು. ಪರದೆ ಹೆಸರು, ಪಾಸ್‌ವರ್ಡ್ ಕೇಳಿತು. ಅವರು ಅಭ್ಯಾಸದಂತೆ ಮೂರು ಕೀ ಒಟ್ಟಿಗೆ ಒತ್ತಿದರು. ಮಶೀನು ನಿಂತು ಮತ್ತೆ ಶುರುವಾಯಿತು. ಸಾಲುಗಳು ಓಡತೊಡಗಿದವು.

“ನೋಡ್ರಿ ಸಾಹುಕಾರ್ರ! ಕೆಡಿಸಿ ಇಟ್ಟಾರ. ಇವೆಲ್ಲಾ ಎರ್ರರ್ ನೋಡ್ರಿ. ಒಂದಲ್ಲ, ಎರಡಲ್ಲ. ಫಾರ್ಮ್ಯಾಟ್ ಮಾಡಬೇಕಾಗ್ತದ. ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗೇ.”

ಸಾಹುಕಾರರಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ಯಾರನ್ನು ನಂಬಬೇಕು?

ಹಿಂದಿನಿಂದ ಮಹಾದೇವಿಯ ದನಿ ಬಂತು.

“ಎರ್ರರ್ ಅಲ್ರಿ ಸರ್. ಅದು ಏಳೂಕಿಂತ ಮೊದಲ ತನ್ನ ಕೈಕಾಲು ತಾನೇ ಮುಟ್ಟಿ ನೋಡ್ಕೊಳ್ಳಾಕತ್ತದ.”

“ಹಂಗಂದ್ರ?” ಸಾಹುಕಾರರು ತಿರುಗಿದರು.

ಅವಳು ಮುಂದೆ ಬಂದು ಪರದೆಯ ಮೇಲೆ ಬೆರಳಿಟ್ಟಳು. “ಇದು ಮೆಮೊರಿ ಎಷ್ಟದ ಅಂತ ಎಣಿಸೇದ್ರಿ. ಇಲ್ಲಿ ಡಿಸ್ಕ್ ಸಿಕ್ತು ಅಂತ ಬರೆದದ. ಇದು ಫ್ಲಾಪಿ. ಇಲ್ಲಿ ಡಿಸ್ಕ್ ಛಲೋ ಅದ, ಏನೂ ಕೆಟ್ಟಿಲ್ಲ ಅನ್ನಾಕತ್ತದ. ಓಕೆ ಅಂತ ಅದ ನೋಡ್ರಿ, ಇಲ್ಲಿ, ಇಲ್ಲಿ, ಇಲ್ಲಿ.” ಓಕೆ ಎಂಬುದನ್ನು ಸಾಹುಕಾರರೂ ಬಲ್ಲರು. ಬಗ್ಗಿ ನೋಡಿದರು. ನೀಲಿ ಪರದೆ ಬಂತು. ಮಹಾದೇವಿ ತನ್ನ ಹೆಸರು ಹಾಕಿ ಒಳಗೆ ಹೋದಳು, ಸಾಹುಕಾರರ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಟೈಪ್ ಮಾಡಿದಳು.

“ಇದನ್ನ ಯಾರ್ ಹಾಕಿ ಕೊಟ್ರು?”

“ಯಾರೂ ಕೊಟ್ಟಿಲ್ರಿ,” ಎಂದೆ. “ನಾವೇ ಹಾಕೇವಿ. ಕೆಟ್ಟಿತ್ತು. ನಾವೇ ಸರಿ ಮಾಡೇವಿ. ಖೋಲಿ ಮಾತ್ರ ಬಿಡೂದಿಲ್ರಿ ನಾನು.”

ಕೊನೆಯ ಮಾತನ್ನು ಹೇಳಬೇಕೆಂದು ಅಂದುಕೊಂಡಿರಲಿಲ್ಲ. ಬಂದುಬಿಟ್ಟಿತು.  ಸಾಹುಕಾರರು ಸಾಹೇಬರ ಕಡೆ ತಿರುಗಿ, “ಎರ್ರರ್ ಅಂದ್ರಲ್ರಿ ನೀವು?” ಎಂದಷ್ಟೇ ಕೇಳಿದರು. ಅಳತೆಯ ಟೇಪು ಚೀಲದಿಂದ ಹೊರಗೆ ಬರಲೇ ಇಲ್ಲ.

ಹಾಗೆಂದು ನಾನು ಗೆದ್ದು ಬೀಗಿದೆ ಎಂದುಕೊಳ್ಳಬೇಡಿ. ಖೋಲಿ ನನ್ನಲ್ಲೇ ಉಳಿಯಿತು, ನಿಜ. ಆದರೆ ಸಾಹುಕಾರರು ವ್ಯಾಪಾರಸ್ಥರು. ಎದುರಿನ ಹೊಸ ಮಾಳಿಗೆಯನ್ನು ಸಾಹೇಬರಿಗೆ ಕೊಟ್ಟರು. ಅಲ್ಲಿ ಗಾಜಿನ ಬಾಗಿಲು, ಬಣ್ಣದ ಬೋರ್ಡು, ಐದು ಹೊಸ ಮಶೀನು. ನನ್ನ ಒಂಬತ್ತರಲ್ಲಿ ನಾಲ್ವರು ಅಲ್ಲಿಗೆ ಹೋದರು. ಹೋಗಲಿ. ನನ್ನಲ್ಲಿ ಒಂದೇ ಮಶೀನು, ಅದೂ ದಿನಕ್ಕೊಂದು ಸಲ ಹಟ ಹಿಡಿಯುತ್ತದೆ. ಇದನ್ನು ಬರೆಯುವ ಹೊತ್ತಿಗೆ ಪ್ರಿಂಟರಿನ ಜಗಳ ನಡೆದಿದೆ. ಪ್ರತಿ ಸಾಲೂ ಹಿಂದಿನ ಸಾಲು ಮುಗಿದಲ್ಲಿಂದಲೇ ಶುರುವಾಗಿ, ಅಕ್ಷರಗಳು ಮೆಟ್ಟಿಲು ಇಳಿದು ಹಾಳೆಯ ಹೊರಗೆ ಹೋಗುತ್ತವೆ. ಮಹಾದೇವಿ ಎರಡು ದಿನದಿಂದ ಅದರ ಮುಂದೆ ಕೂತಿದ್ದಾಳೆ. ಎಬ್ಬಿಸಿದರೂ ಏಳುವುದಿಲ್ಲ.

ಆದರೆ ಒಂದು ಮಾತು. ಕೆಟ್ಟದ್ದು ಏನು ಎಂದು ಕೇಳಿದರೆ ‘ನಿಮಗೆ ತಿಳಿಯುವುದಿಲ್ಲ’ ಎನ್ನುವವರು ನನ್ನ ಖೋಲಿಯಲ್ಲಿ ಈಗ ಯಾರೂ ಇಲ್ಲ. ಕಂಪ್ಯೂಟರ್ ಒಂದನ್ನೇ ಹೇಳುತ್ತಿಲ್ಲ ನಾನು. ಕರೆಂಟಿನವರು, ಆಫೀಸಿನವರು, ದವಾಖಾನೆಯವರು, ಎಲ್ಲರೂ ನಮ್ಮ ಕಡೆಯವರಿಗೆ, ಅದರಲ್ಲೂ ಹೆಂಗಸರಿಗೆ, ಇದೇ ಮಾತು ಹೇಳಿ ಕಳಿಸುವುದಿಲ್ಲವೇ? ನಾವೂ ಹೌದ್ರಿ ಎಂದು ಕೈಕಟ್ಟಿ ಬರುವುದಿಲ್ಲವೇ?

ಮೊನ್ನೆ ಇಜೇರಿಯಿಂದ ಒಬ್ಬ ರೈತರು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಎದುರಿನ ಗಾಜಿನ ಬಾಗಿಲನ್ನೊಮ್ಮೆ, ನನ್ನ ಒಂಟಿ ಮಶೀನನ್ನೊಮ್ಮೆ ನೋಡಿ ಕೇಳಿದರು: “ನಿಮ್ದು ಕೆಡತದಂತಲ್ರಿ?”

“ಹೌದ್ರಿ,” ಎಂದೆ. “ಕೆಡದಿದ್ರ ಇವರಿಗಿ ಕಲಿಸಾಕ ನನ್ನ ಹತ್ರ ಏನ್ ಉಳಿತದ್ರಿ?”