ಹದಿನಾಲ್ಕನೇ ಮಾಹಿತಿದಾರ

ವಿದೇಶದ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಬಂದವಳು ಎಂದು ಕಾಲೇಜಿನಲ್ಲಿ ಈಗಲೂ ನನ್ನನ್ನು ಪರಿಚಯಿಸುತ್ತಾರೆ. ಆ ಲೇಖನದಿಂದ ನನಗೆ ಬಡ್ತಿ ಸಿಕ್ಕಿತು. ಅದರ ಜೀವಾಳವಾದ ಮಾತು ಯಾರದೋ, ಅವರಿಗೆ ಏನೂ ಸಿಗಲಿಲ್ಲ.

ಅವರು ನನ್ನ ಅಪ್ಪನ ಜೊತೆ ಮುಂಬೈಯ ದಾದರಿನ ಉಡುಪಿ ಹೊಟೇಲೊಂದರಲ್ಲಿ ಮೂವತ್ತು ವರ್ಷ ದುಡಿದವರು. ಅಪ್ಪ ಗಲ್ಲಾದಲ್ಲಿ, ಅವರು ಒಳಗೆ ದೋಸೆ ಕಾವಲಿಯ ಮುಂದೆ. ರಕ್ತಸಂಬಂಧವಿಲ್ಲದಿದ್ದರೂ ನಾನು ಮಾಮ ಎಂದೇ ಕರೆಯುತ್ತಿದ್ದೆ. ಮಾಮ ಓದಿದ್ದು ಏಳನೇ ಕ್ಲಾಸು, ಆದರೆ ಹೊಟೇಲಿನ ಅರ್ಧ ಜನಕ್ಕೆ ಅಕ್ಷರವೇ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾದ ಗದ್ದಲ ಶುರುವಾಗುವ ಮೊದಲು ಅಕ್ಕಿಮೂಟೆಯ ಮೇಲೆ ಕುಳಿತು ಅವರೆಲ್ಲರ ಊರಿಗೆ ಇನ್‌ಲ್ಯಾಂಡ್ ಕಾಗದ ಬರೆದುಕೊಡುತ್ತಿದ್ದರು. ಒಬ್ಬನಿಗೆ ಎಂಜಲು ತಟ್ಟೆ ಎತ್ತುವ ಕೆಲಸವಿದ್ದರೆ ಕಾಗದದಲ್ಲಿ ಆತ ಮ್ಯಾನೇಜರರ ಕೈಕೆಳಗೆ ಇರುತ್ತಿದ್ದ. ಮೇಜು ಜೋಡಿಸಿ ಮಲಗುವವನಿಗೆ ಕಾಗದದಲ್ಲಿ ಗಾಳಿ ಬೆಳಕಿನ ರೂಮು ಇರುತ್ತಿತ್ತು.

ಮುಂಬೈಗೆ ಬಂದ ಹೊಟೇಲು ಕೆಲಸಗಾರರ ಬಗ್ಗೆ ನಾನು ಪಿಎಚ್‌ಡಿ ಮಾಡುವಾಗ ಅವರ ಬಳಿಗೂ ಹೋದೆ. ಆಗ ಅವರು ಸಾಂತಾಕ್ರೂಜ್‌ನಲ್ಲಿ ಮಗಳ ಮನೆಯಲ್ಲಿದ್ದರು. ನಾಲ್ಕು ಭಾನುವಾರ ಮಾತಾಡಿದೆವು. ಕೊನೆಯ ದಿನ ಅವರು ನಗುತ್ತ ಒಂದು ಮಾತು ಹೇಳಿದರು.

"ನೋಡು ಮಗಾ, ಊರು ಬಿಟ್ಟವ ಮೊದ್ಲು ಮನೆಗೆ ಒಂದು ಸುಳ್ಳು ಬರೀತಾನೆ. ಆಮೇಲೆ ಇಡೀ ಆಯುಷ್ಯ ಆ ಸುಳ್ಳನ್ನು ನಿಜ ಮಾಡ್ಲಿಕ್ಕೆ ದುಡೀತಾನೆ. ಬೊಂಬಾಯಿ ಅಂದ್ರೆ ಅಷ್ಟೇ."

ಆರು ವರ್ಷ ಪುಸ್ತಕ ಓದಿದ ನನಗೆ ಸಿಗದಿದ್ದದ್ದು ಅದು. ಆ ಒಂದು ಮಾತಿನ ಮೇಲೆ ಇಡೀ ಲೇಖನ ಕಟ್ಟಬಹುದಿತ್ತು, ಕಟ್ಟಿದೆ ಕೂಡ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಮಾಹಿತಿ ಕೊಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ ಎಂಬುದು ಅದರ ಸಾರ. ಯಾವುದೋ ತಣ್ಣನೆಯ ದೇಶದಲ್ಲಿ ಯಾರನ್ನೋ ಕಾಪಾಡಲು ಮಾಡಿದ ನಿಯಮ. ಮಾಮ ಕನ್ನಡಕ ಒರೆಸಿಕೊಂಡು, ಕಾಗದಕ್ಕೆ ವಿಳಾಸ ಬರೆಯುವ ಹಾಗೆ ತಮ್ಮ ಹೆಸರು, ತಂದೆಯ ಹೆಸರು, ಮನೆ, ಗ್ರಾಮ, ಅಂಚೆ, ತಾಲೂಕು ಎಲ್ಲವನ್ನೂ ದುಂಡಗೆ ಬರೆದರು. "ಪ್ರಿಂಟ್ ಮಾಡುವಾಗ ತಪ್ಪಾಗಬಾರ್ದಲ್ವಾ," ಅಂದರು. ಅವರು ತಪ್ಪು ತಿಳಿದಿದ್ದಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ತಿದ್ದಿದರೆ ಸಹಿ ಹಾಕದೆ ಎದ್ದುಬಿಟ್ಟಾರು ಎಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡೆ. ನನ್ನ ಕಳ್ಳತನ ಶುರುವಾದದ್ದು ಅಲ್ಲಿ.

ಪತ್ರಿಕೆಯವರು ಲೇಖನವನ್ನು ಪರಿಶೀಲನೆಗೆ ಇಬ್ಬರು ವಿದ್ವಾಂಸರಿಗೆ ಕಳುಹಿಸಿದರು. ಮುಂಬೈಯೇ ಯಾಕೆ, ವಿವರಿಸಿ ಎಂದು ಒಬ್ಬರು ಬರೆದರು. ಲಂಡನ್ ಬಗ್ಗೆ ಬರೆಯುವವರನ್ನು ಲಂಡನ್ನೇ ಯಾಕೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅಲ್ಲಿಯದು ಲೋಕದ ಸತ್ಯ, ನಮ್ಮದು ಬರೀ ಒಂದು ಉದಾಹರಣೆ. ಇನ್ನೊಬ್ಬರು, ಅಡುಗೆಯವನೊಬ್ಬನ ಮಾತು ಸಿದ್ಧಾಂತವಾಗಲಾರದು, ಇದಕ್ಕೆ ಯಾರಾದರೂ ಚಿಂತಕರ ಆಧಾರ ಕೊಡಿ ಎಂದರು. ಯುರೋಪಿನ ಪ್ರೊಫೆಸರೊಬ್ಬ ಹೆಚ್ಚುಕಡಿಮೆ ಅದನ್ನೇ ಉದ್ದುದ್ದ ಪದಗಳಲ್ಲಿ ಹೇಳಿದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ವಿರುದ್ಧ ವಿದ್ಯಾರ್ಥಿಗಳ ಮುಂದೆ ಗಂಟೆಗಟ್ಟಲೆ ಭಾಷಣ ಬಿಗಿಯುವ ನಾನು ಒಂದು ವಾರವೂ ಜಗಳಾಡಲಿಲ್ಲ. ಮಾತು ಪ್ರೊಫೆಸರನದಾಯಿತು. ಮಾಮ ಅಡಿಟಿಪ್ಪಣಿಯಲ್ಲಿ ಹದಿನಾಲ್ಕನೇ ಮಾಹಿತಿದಾರರಾದರು, ದಾದರಿನ ಒಬ್ಬ ದೋಸೆ ಭಟ್ಟ.

ಪ್ರಕಟವಾದ ಮೇಲೆ ಹೋಗದೆ ಇದ್ದುಬಿಡಬಹುದಿತ್ತು. ಆದರೆ ಮಾಮ ಪ್ರತಿ ತಿಂಗಳೂ ಫೋನು ಮಾಡಿ "ಬಂತಾ ಮಗಾ?" ಎಂದು ಕೇಳುತ್ತಿದ್ದರು. ಪುಟಗಳನ್ನು ಪ್ರಿಂಟ್ ತೆಗೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕಾದಿದ್ದರು. ಎದೆಯ ಮೇಲೆ ಆ ಅಂಗಿ ಎಷ್ಟು ಸಡಿಲವಾಗಿತ್ತು. ಪುಟ ತಿರುಗಿಸುತ್ತ ಹೆಸರು ಹುಡುಕಿದರು, ಸಿಗದಿದ್ದಾಗ ಕಾಲೇಜಿಗೆ ಹೋಗುವ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಬೆರಳಿಟ್ಟು ಓದಿ, ತನಗೆ ಬಂದಷ್ಟು ಕನ್ನಡಕ್ಕೆ ಹಿಂದಿ ಬೆರೆಸಿ ಹೇಳಿದಳು.

"ಅಜ್ಜ, ನಿಮ್ಮ ಆ ಸುಳ್ಳಿನ ಬಾತ್ ಇಲ್ಲಿ ಉಂಟು. ಪರ್ ಅದು ಒಬ್ಬ ಪ್ರೊಫೆಸರ್ ಹೇಳಿದ್ದು, ಐಸಾ ಲಿಖಾ ಹೈ. ನೀವು ನೀಚೆ, ಪೇಜಿನ ಅಡಿಯಲ್ಲಿ ಇದ್ದೀರಿ. ಫೋರ್ಟೀನ್ ನಂಬರ್."

ಮಾಮ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಲೆಂದೇ ಕೇಳಿದರು.

"ಅವ ಯಾವ ಹೊಟೇಲಲ್ಲಿ ಇದ್ದದ್ದು?"

ಅವರು ಇಲ್ಲಿಯವರಲ್ಲ ಮಾಮ, ಅಂದೆ. ಅವನಿಗೆ ಇದು ಹೇಗೆ ಗೊತ್ತಾಯಿತು ಎಂದು ಮಾಮ ಕೇಳಿದರು. ನಾನು ಬಿಕ್ಕಿ ಅತ್ತುಬಿಟ್ಟೆ. ನಾನು ಅತ್ತದ್ದು ನೋಡಿ ಅವರಿಗೇ ಗಾಬರಿಯಾಗಿ, ಎದ್ದು ನೀರು ತಂದುಕೊಟ್ಟರು.

"ಆಯ್ತು ಬಿಡು ಮಾರಾಯ್ತಿ. ಪ್ರೆಸ್ಸಿನವ್ರ ತಪ್ಪಿಗೆ ನೀನೆಂತ ಅಳುದು?"

ಪ್ರೆಸ್ಸಿನವರ ತಪ್ಪು. ತಾವಾಗಿಯೇ ಒಂದು ನೆಪ ಹುಡುಕಿ ನನ್ನನ್ನು ಉಳಿಸಿದ್ದರು. ಅಲ್ಲ ಮಾಮ, ತಪ್ಪು ನನ್ನದು ಎನ್ನಬೇಕಿತ್ತು, ಅವರು ಕೊಟ್ಟ ನೀರು ಕುಡಿದೆ. ಅವರು ಮೊಮ್ಮಗಳ ಪೆನ್ನು ತೆಗೆದು ನನ್ನ ಕೈಗಿತ್ತು, ಆ ಸಾಲಿನ ಮೇಲೆ ತಮ್ಮ ಹೆಸರು ಬರೆಯಲು ಹೇಳಿದರು. ಪ್ರೊಫೆಸರನ ಹೆಸರು ಹೊಡೆದು ಹಾಕಲೇ ಎಂದೆ.

"ಬೇಡ, ಅವ್ನೂ ಇರ್ಲಿ. ಅವ್ನೂ ಎಲ್ಲಿಗೋ ಕಾಗ್ದ ಬರ್ದಿರ್ಬಹುದು."

ಅಚ್ಚಿನಂತೆ ಕಾಣಲೆಂದು ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಮೊಮ್ಮಗಳು ಸಾಲನ್ನು ಮತ್ತೆ ಓದಿದಳು, ಈ ಸಲ ಅಜ್ಜನ ಹೆಸರು ಸೇರಿಸಿ. ಮಾಮ ತಲೆಯಾಡಿಸುತ್ತ ಕೇಳಿದರು. ಮುಖ ಅರಳಿತ್ತು.

"ಈಗ ಸರಿಯಾಯ್ತು. ಬೇರೆ ಕಾಪಿಗಳಲ್ಲಿಯೂ ಹೀಗೇ ಬರ್ದು ಬಿಡು, ಆಯ್ತಾ? ಎಷ್ಟು ಉಂಟು?"

"ಹೆಚ್ಚಿಲ್ಲ ಮಾಮ," ಅಂದೆ. "ಎಲ್ಲದರಲ್ಲೂ ಬರೀತೇನೆ."

ಅವರು ನಂಬಿದರು.