ಬುವಾಲೈ ಅಜ್ಜಿಯ ಕುರೂಪಿ ಮೊಮ್ಮಗಳು

ಮೆಕಾಂಗ್ ದಂಡೆಯ ಆ ಊರಿನಲ್ಲಿ ಮಗುವನ್ನು ಯಾರೂ ಹೊಗಳುವುದಿಲ್ಲ. ಹೊಗಳಿದರೆ ದೆವ್ವಗಳಿಗೆ ಆಸೆ ಹುಟ್ಟಿ ಮಗುವನ್ನು ಒಯ್ದುಬಿಡುತ್ತವೆ. ಅದಕ್ಕೇ ಬುವಾಲೈ ತನ್ನ ಎರಡು ವರ್ಷದ ಮೊಮ್ಮಗಳನ್ನು ಕೊಪ್, ಅಂದರೆ ಕಪ್ಪೆ, ಎಂದು ಕರೆಯುತ್ತಿದ್ದಳು. ಸಂತೆಯಲ್ಲಿ ಅಂಟಕ್ಕಿಯ ಅನ್ನ ಮಾರುವಾಗಲೂ ಕಪ್ಪೆ ಅವಳ ಬೆನ್ನಿಗೇ ಕಟ್ಟಿರುತ್ತಿತ್ತು.

ದೆವ್ವಗಳಿಗಿಂತ ದೊಡ್ಡ ಹೆದರಿಕೆ ಮನೆಯೊಳಗೇ ಇತ್ತು. ಮಗಳು ವಿಪಾ, ಕಪ್ಪೆಯ ತಾಯಿ, ಯಾಬಾ ಎಂಬ ಅಮಲಿನ ಮಾತ್ರೆಯ ಚಟಕ್ಕೆ ಬಿದ್ದಿದ್ದಳು. ದಿನಗಟ್ಟಲೆ ಕಣ್ಣು ಮುಚ್ಚದೆ ತಿರುಗುವಳು, ಆಮೇಲೆ ಹೆಣದಂತೆ ಬೀಳುವಳು. ಒಂದು ದಿನ ಅಮಲಿನಲ್ಲಿ ಮಗುವನ್ನೆತ್ತಿಕೊಂಡು ಹೆದ್ದಾರಿಯ ನಡುವೆ ನಿಂತಿದ್ದಳು. ಲಾರಿಯವನು ಬ್ರೇಕ್ ಒತ್ತಿದ್ದರಿಂದ ಎರಡು ಜೀವ ಉಳಿದವು. ಸುದ್ದಿ ಜಿಲ್ಲಾ ಕಚೇರಿಯವರೆಗೂ ಹೋಯಿತು. ಅಂದಿನಿಂದ ಯಾವ ಕಾರಿನ ಸದ್ದು ಕೇಳಿದರೂ ಮಗುವನ್ನು ಒಯ್ಯಲು ಬಂದರೆಂದು ಬುವಾಲೈ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕೊನೆಗೊಂದು ಕಾರು ಅವಳ ಮನೆಯೆದುರೇ ನಿಂತಿತು. ಇಳಿದವಳು ಬ್ಯಾಂಕಾಕಿನಿಂದ ಹೊಸದಾಗಿ ಬಂದಿದ್ದ ಮಕ್ಕಳ ರಕ್ಷಣೆಯ ಅಧಿಕಾರಿ ನಾರುಮೋನ್. ಅವಳಿಗೆ ಕಾನೂನು ಗೊತ್ತಿತ್ತು, ಊರಿನ ದೆವ್ವಗಳ ಪರಿಚಯವಿರಲಿಲ್ಲ. ಚಾಪೆಯ ಮೇಲೆ ಕೂತು ಮಗುವಿನ ಗಲ್ಲ ಹಿಡಿದಳು.

"ಎಷ್ಟು ಚೆಂದ ಇದಾಳೆ ಅಜ್ಜಿ, ನಿಮ್ಮ ಮೊಮ್ಮಗಳು!"

ಬುವಾಲೈ ದೆವ್ವಗಳಿಗೆ ಕೇಳುವಂತೆ ದನಿಯೇರಿಸಿದಳು. "ಥೂ, ಚೆಂದ ಎಲ್ಲಿಂದ ಬಂತು ತಾಯಿ! ಕರ್ರಗಿನ ಮುಸುಡಿ, ಬೋಳು ತಲೆ. ಯಾರಿಗ್ ಬೇಕು ಈ ಪೀಡೆ? ಪುಕ್ಕಟೆ ಕೊಟ್ರೂ ಯಾರೂ ತಗೊಳಲ್ಲ."

ನಾರುಮೋನಳ ನಗು ಮಾಯವಾಯಿತು. "ಹಾಗಾದ್ರೆ ನಿಮಗೂ ಬೇಡ್ವಾ? ಬೇಡ ಅಂದ್ರೆ ಇವತ್ತೇ ಕರ್ಕೊಂಡ್ ಹೋಗ್ತೀವಿ. ಪಟ್ಟಣದಲ್ಲಿ ಸರ್ಕಾರದ ಮಕ್ಕಳ ಮನೆ ಇದೆ."

ಸುಮ್ಮನಿದ್ದರೆ ಸರ್ಕಾರ ಒಯ್ಯುತ್ತದೆ, ಬಾಯಿ ಬಿಟ್ಟರೆ ದೆವ್ವ ಒಯ್ಯುತ್ತದೆ. ಅತ್ತ ದರಿ, ಇತ್ತ ಪುಲಿ.

ಬೇಲಿಯಾಚೆ ಕಿವಿ ನಿಮಿರಿಸಿ ನಿಂತಿದ್ದ ನೆರೆಮನೆಯವಳಿಗೆ ತಡೆಯಲಾಗಲಿಲ್ಲ. "ಬಾಯ್ ಬಿಡೇ, ಮುದಿಗೂಬೆ! ದೆವ್ವಗಳ ಹತ್ರ ಕಾರಿಲ್ಲ, ಇವರ ಹತ್ರ ಇದೆ!"

ಬುವಾಲೈ ಮಗುವನ್ನು ಸೆಳೆದು ಎದೆಗೊತ್ತಿಕೊಂಡಳು. "ಚೆಂದ ಇದಾಳೆ," ಎಂದಳು. "ಇಡೀ ಊರಲ್ಲೇ ಇಂಥ ಮಗು ಇಲ್ಲ. ನಂದು. ನಂಗ್ ಬೇಕು. ಕೊಡಲ್ಲ." ಹೇಳುತ್ತಲೇ ದೆವ್ವಗಳಿಗೆ ಕಾಣದಂತೆ ಮಗುವಿನ ಮುಖವನ್ನು ಹೆಗಲ ಬಟ್ಟೆಯಿಂದ ಮುಚ್ಚಿದಳು.

ನಾರುಮೋನ್ ಕಡತ ತೆರೆದು ಬರೆದುಕೊಂಡಳು. "ಸರಿ, ಇಟ್ಕೊಳ್ಳಿ ಅಜ್ಜಿ. ಆದ್ರೆ ಚಿಕಿತ್ಸೆ ಮುಗಿಸೋ ತನಕ ವಿಪಾ ಈ ಮನೆಯೊಳಗೆ ಕಾಲಿಡಬಾರದು. ಇಟ್ಟಳು ಅಂತ ಗೊತ್ತಾದ್ರೆ ಮಗೂನ ಕರ್ಕೊಂಡ್ ಹೋಗ್ತೀವಿ."

"ಆಗ್ಲಿ ತಾಯಿ," ಎಂದು ಬುವಾಲೈ ಕೈಮುಗಿದಳು. ಹೇಳುವಾಗ ಸುಲಭವಾಗಿಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ವಿಪಾ ಬಂದಳು. ಅಂದು ಅವಳಿಗೆ ಅಮಲಿರಲಿಲ್ಲ. ಅಮಲಿದ್ದಿದ್ದರೆ ಬೈದಾದರೂ ಓಡಿಸಬಹುದಿತ್ತು.

"ಅವ್ವಾ, ಬಾಗ್ಲು ತೆಗಿ. ಮಗೀನ ಒಂದ್ಸಲ ನೋಡ್ಕೊಂಡು ಹೋಗ್ತೀನಿ. ಹೊಟ್ಟೆ ಹಸೀತಿದೆ, ಅವ್ವಾ."

ತಾಯಿಯ ದನಿ ಕೇಳಿ ಮಗು ನಕ್ಕು, ಕೂಗಲು ಬಾಯಿ ತೆರೆಯಿತು. ಬುವಾಲೈ ಒಂದು ಕೈಯಿಂದ ಆ ಬಾಯಿ ಮುಚ್ಚಿ, ಇನ್ನೊಂದರಿಂದ ಬಾಳೆಲೆಯ ಅನ್ನದ ಪೊಟ್ಟಣವನ್ನು ಕಿಟಕಿಯಿಂದ ಹೊರಗೆ ಚಾಚಿದಳು. ವಿಪಾ ಪೊಟ್ಟಣ ಮುಟ್ಟಲಿಲ್ಲ, ಅವ್ವನ ಕೈಯನ್ನೇ ಹಿಡಿದುಕೊಂಡಳು. ಬುವಾಲೈ ಮಗುವಿನ ಬಾಯಿಯಿಂದ ಕೈ ತೆಗೆದು, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಿಟಕಿ ಹಾಕಿಕೊಂಡಳು.